ಶಿವಮೊಗ್ಗ–ಭದ್ರಾವತಿ ಸೀಮೆಯ ಹಳ್ಳಿಗಳಲ್ಲಿ ಮಕ್ಕಳ ಬೌದ್ಧಿಕ ಅಸಾಮರ್ಥ್ಯ

ಯೋಚಿಸುವ, ಕಲಿಯುವ ಶಕ್ತಿಯಲ್ಲೂ ದಿನದ ಬದುಕನ್ನು ತಾನೇ ನಡೆಸಿಕೊಳ್ಳುವ ಕೌಶಲದಲ್ಲೂ ಮಗು ತನ್ನ ಓರಗೆಯವರಿಗಿಂತ ಬಹಳ ಹಿಂದೆ ಉಳಿಯುವ ಸ್ಥಿತಿಗೆ ಬೌದ್ಧಿಕ ಅಸಾಮರ್ಥ್ಯ ಎಂದು ಹೆಸರು. ಹದಿನೆಂಟು ವರ್ಷ ತುಂಬುವ ಮೊದಲೇ ಇದು ತೋರಬೇಕು, ಹಿಂದುಳಿಯುವಿಕೆ ಎರಡೂ ಕಡೆ ಇರಬೇಕು. ಮಗ್ಗಿ ಬಾರದಿದ್ದರೂ ಅಂಗಡಿಗೆ ಹೋಗಿ ಸಾಮಾನು ತಂದು, ಚಿಲ್ಲರೆ ಸರಿಯಾಗಿ ಎಣಿಸಿ ಅಮ್ಮನ ಕೈಗಿಡುವ ಹುಡುಗ ಈ ಗುಂಪಿಗೆ ಸೇರುವುದಿಲ್ಲ. ಹಳೆಯ ಕಡತಗಳಲ್ಲಿ ಬುದ್ಧಿಮಾಂದ್ಯ ಎಂದಿದ್ದುದನ್ನೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಾನು ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಒಂದಾಗಿ ಸೇರಿಸಿಕೊಂಡಿದೆ. ಇದು ಹುಚ್ಚಲ್ಲ, ಮಾನಸಿಕ ಕಾಯಿಲೆಯೂ ಅಲ್ಲ. ಮಾತ್ರೆ ಕೊಟ್ಟು ವಾಸಿ ಮಾಡುವಂಥದ್ದೂ ಅಲ್ಲ. ಆದರೆ ಮಗು ಎಷ್ಟು ಬೇಗ ತರಬೇತಿಗೆ ಸಿಗುತ್ತದೆ ಎಂಬುದರ ಮೇಲೆ ಅದರ ಮುಂದಿನ ಬದುಕು ಬಹುಮಟ್ಟಿಗೆ ನಿಂತಿದೆ. ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಲಿನ ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ ಈ ವಿಷಯದ ಅತಿ ದೊಡ್ಡ ನಷ್ಟ ಕಾಲದ್ದೇ. ತಾಯಿಗೆ ಮೊದಲ ಅನುಮಾನ ಬಂದ ದಿನಕ್ಕೂ ಮಗುವಿಗೆ ಮೊದಲ ನೆರವು ಸಿಕ್ಕ ದಿನಕ್ಕೂ ನಡುವೆ ವರ್ಷಗಳೇ ಕಳೆದುಹೋಗುತ್ತವೆ.

ಪ್ರದೇಶ ಮತ್ತು ಎಣಿಕೆ

ತುಂಗೆಯ ದಡದ ಶಿವಮೊಗ್ಗ ಜಿಲ್ಲಾ ಕೇಂದ್ರ. ಅಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಭದ್ರೆಯ ದಡದ ಭದ್ರಾವತಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 17.5 ಲಕ್ಷ, ಮೂವರಲ್ಲಿ ಇಬ್ಬರಷ್ಟು ಜನ ಹಳ್ಳಿಯವರು. ಕುಂಸಿ, ಆಯನೂರು, ಹಾರನಹಳ್ಳಿ, ಹೊಳೆಹೊನ್ನೂರು, ಆನವೇರಿ, ಕೂಡ್ಲಿಗೆರೆಗಳ ಸುತ್ತಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಶಿವಮೊಗ್ಗದ ಮೆಗ್ಗಾನ್. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹೊನ್ನಾಳಿ, ಚನ್ನಗಿರಿಗಳ ಜನರೂ ಪಕ್ಕದ ತರೀಕೆರೆ ಕಡೆಯವರೂ ಇದೇ ಹಾದಿ ಹಿಡಿಯುವುದುಂಟು.

ಭಾರತದ ಜನಗಣತಿ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯಿಂದ ಬೇರ್ಪಡಿಸಿ ಎಣಿಸಿದ್ದು 2011ರಲ್ಲೇ ಮೊದಲು. ಆಗ ದೇಶದಲ್ಲಿ ಸುಮಾರು 15 ಲಕ್ಷ, ಕರ್ನಾಟಕದಲ್ಲಿ ಸುಮಾರು 94 ಸಾವಿರ ಜನ ಈ ಪಟ್ಟಿಗೆ ಬಂದರು. ರಾಜ್ಯದ 6.1 ಕೋಟಿ ಜನಸಂಖ್ಯೆಗೆ ಹೋಲಿಸಿದರೆ ಇದು ಸಾವಿರಕ್ಕೆ ಒಂದೂವರೆ. ಲೋಕದ ಬೇರೆಬೇರೆ ಕಡೆ ನಡೆದ ಅಧ್ಯಯನಗಳು ಸಾಮಾನ್ಯವಾಗಿ ಹೇಳುವ ಪ್ರಮಾಣ ನೂರಕ್ಕೆ ಒಂದರ ಸುಮಾರಿನದು, ಎಂದರೆ ಸಾವಿರಕ್ಕೆ ಹತ್ತು. ಇಷ್ಟು ದೊಡ್ಡ ಅಂತರಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಜಗಲಿಯ ಮೇಲೆ ಕೂತು ‘ಮನೆಯಲ್ಲಿ ಅಂಗವಿಕಲರು ಇದ್ದಾರೆಯೇ’ ಎಂದು ಕೇಳುವ ಗಣತಿದಾರರಿಗೆ, ನಡೆಯುವ, ಮಾತಾಡುವ, ದನ ಹೊಡೆದುಕೊಂಡು ಬರುವ ಮಗುವನ್ನು ಯಾರೂ ತೋರಿಸುವುದಿಲ್ಲ. ತೋರಿಸಿದರೆ ಅಕ್ಕನ ಮದುವೆಗೆ ತೊಡಕಾದೀತೆಂಬ ಹೆದರಿಕೆ ಒಂದು ಕಡೆ. ಮಗುವಿನಲ್ಲಿ ತೊಂದರೆ ಇದೆಯೆಂಬುದೇ ಮನೆಯವರಿಗೆ ಗೊತ್ತಿಲ್ಲದಿರುವುದು ಇನ್ನೊಂದು ಕಡೆ. ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳಲ್ಲಿ ಬಹುಪಾಲು, ಸುಮಾರು ನೂರಕ್ಕೆ ಎಂಬತ್ತೈದರಷ್ಟು, ಸೌಮ್ಯ ಮಟ್ಟದವರು. ಎಣಿಕೆಗೆ ಸಿಗದವರು ಮುಖ್ಯವಾಗಿ ಇವರೇ.

ಕಣ್ಣಿಗೆ ಬೀಳುವ ಬಗೆ

ತೀವ್ರ ಮಟ್ಟದ ತೊಂದರೆ ಮೊದಲ ವರ್ಷದಲ್ಲೇ ಗೊತ್ತಾಗುತ್ತದೆ. ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲುವುದಿಲ್ಲ, ಮಗು ಮಗುಚಿಕೊಳ್ಳುವುದಿಲ್ಲ, ಅಮ್ಮನ ಮುಖ ನೋಡಿ ನಗುವುದಿಲ್ಲ. ಮೊದಲು ಗಮನಿಸುವವಳು ತಾಯಿ, ಇಲ್ಲವೇ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ. ಅವರ ಅನುಮಾನಕ್ಕೆ ಮನೆಯಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ‘ಅವರಪ್ಪನೂ ತಡವಾಗಿಯೇ ನಡೆದಿದ್ದು, ಮಾತೂ ತಡವೇ.’ ಈ ಸಮಾಧಾನದ ಹಿಂದೆ ಪ್ರೀತಿಯಿದೆ. ಆದರೆ ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ಮೂರು ವರ್ಷಗಳು ಈ ಸಮಾಧಾನದಲ್ಲೇ ಸರಿದುಹೋಗುತ್ತವೆ. ಆಮೇಲೆ ಹರಕೆ, ಚೌಡಿಗೆ ಪೂಜೆ, ಬಾಲಗ್ರಹಕ್ಕೆ ಯಂತ್ರ ಕಟ್ಟಿಸುವುದು, ನಾಟಿ ಔಷಧಿ. ಹರಕೆ ಹೊರುವುದರಿಂದ ಮಗುವಿಗೆ ಕೇಡಿಲ್ಲ. ಹರಕೆ ಫಲಿಸಲೆಂದು ಆಸ್ಪತ್ರೆಯನ್ನು ಮುಂದೂಡಿದಾಗ ಕೇಡು ಶುರುವಾಗುತ್ತದೆ. ದೇವರಿಗೆ ಕೈಮುಗಿಯುತ್ತಲೇ ಅದೇ ವಾರ ವೈದ್ಯರ ಬಳಿಗೂ ಕರೆದೊಯ್ಯಿರಿ ಎನ್ನುವ ಆಶಾ ಕಾರ್ಯಕರ್ತೆಯ ಮಾತನ್ನು ಮನೆಯವರು ಕೇಳುತ್ತಾರೆ. ದೇವರನ್ನು ಬಿಡಿ ಎಂದರೆ ಅವಳಿಗೆ ಬಾಗಿಲೇ ಮುಚ್ಚೀತು.

ಸೌಮ್ಯ ಮಟ್ಟದ ಮಗುವಿನ ಕಥೆ ಬೇರೆ. ಹಳ್ಳಿಯ ದಿನಚರಿ ಅದನ್ನು ಆರೇಳು ವರ್ಷ ಯಾವ ತಕರಾರೂ ಇಲ್ಲದೆ ಒಳಗಿಟ್ಟುಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ, ತೋಟದಲ್ಲಿ, ಓಣಿಯ ಆಟದಲ್ಲಿ ಅದಕ್ಕೂ ಒಂದು ಜಾಗ ಇರುತ್ತದೆ. ಶಾಲೆಗೆ ಸೇರಿ ಎರಡನೆಯ, ಮೂರನೆಯ ತರಗತಿಗೆ ಬರುವಾಗ ಒತ್ತಕ್ಷರ, ಕಳೆಯುವ ಲೆಕ್ಕಗಳ ಮುಂದೆ ಮಗು ನಿಂತುಬಿಡುತ್ತದೆ. ‘ಮಂಕು’, ‘ಪೆದ್ದ’ ಎಂಬ ಹೆಸರುಗಳು ಹುಟ್ಟುವುದು ಆಗಲೇ. ಹೆಸರು ಬಿದ್ದಷ್ಟು ಬೇಗ ತಪಾಸಣೆ ಆಗುವುದಿಲ್ಲ ಎಂಬುದೇ ಸಂಕಟ. ಶಾಲೆಯಲ್ಲಿ ಹಿಂದುಳಿದ ಮಾತ್ರಕ್ಕೆ ಬುದ್ಧಿಯಲ್ಲಿ ಹಿಂದುಳಿದಂತೆಯೂ ಅಲ್ಲ. ಕಿವಿ ಮಂದವಾಗಿದ್ದರೂ, ಕಣ್ಣಿಗೆ ಕನ್ನಡಕ ಬೇಕಿದ್ದರೂ, ರಕ್ತಹೀನತೆ ಇದ್ದರೂ, ಓದುಬರಹದಲ್ಲಷ್ಟೇ ತೊಡಕಿದ್ದರೂ ಹೊರಗೆ ಕಾಣುವ ಚಿತ್ರ ಒಂದೇ.

ಕಾರಣಗಳು

ಎಷ್ಟೋ ಮಕ್ಕಳಲ್ಲಿ, ಅದರಲ್ಲೂ ಸೌಮ್ಯ ಮಟ್ಟದಲ್ಲಿ, ಖಚಿತ ಕಾರಣ ಸಿಗುವುದೇ ಇಲ್ಲ. ಸಿಕ್ಕ ಕಡೆ ಹಳ್ಳಿಯ ತಾಯಂದಿರು ಹೇಳುವ ವಿವರಗಳಲ್ಲಿ ಮತ್ತೆ ಮತ್ತೆ ಬರುವುದು ‘ಹುಟ್ಟಿದಾಗ ಮಗು ಅಳಲಿಲ್ಲ’ ಎಂಬ ಮಾತು. ಹೆರಿಗೆ ಎಳೆದು ಮಗುವಿಗೆ ಉಸಿರು ಕಟ್ಟಿದರೆ ಮಿದುಳಿಗೆ ಆಮ್ಲಜನಕ ಕಡಿಮೆಯಾಗುತ್ತದೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆಸ್ಪತ್ರೆ ಹೆರಿಗೆಗಳು ನೂರಕ್ಕೆ 65ರ ಆಸುಪಾಸಿನಲ್ಲಿದ್ದವು. 2019–21ರ ಹೊತ್ತಿಗೆ 97ಕ್ಕೆ ಏರಿದವು. 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸಿಗೂ ಆಶಾ ಕಾರ್ಯಕರ್ತೆಯರಿಗೂ ಇದರಲ್ಲಿ ದೊಡ್ಡ ಪಾಲು ಸಲ್ಲಬೇಕು. ಹಿಂದೆ ಬದುಕುಳಿಯದೇ ಇದ್ದ ದಿನ ತುಂಬದ, ತೂಕ ಕಡಿಮೆಯ ಶಿಶುಗಳು ಈಗ ಉಳಿಯುತ್ತಿವೆ. ಇವುಗಳಲ್ಲಿ ಬೆಳವಣಿಗೆಯ ತೊಂದರೆ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಿಂದ ಮನೆಗೆ ಬಂದ ಪ್ರತಿ ಮಗುವನ್ನೂ ಎರಡು ವರ್ಷವಾದರೂ ಹಿಂಬಾಲಿಸಿ ನೋಡಬೇಕು. ಹೆರಿಗೆಯ ಕೋಣೆಯಲ್ಲಿ ಗೆದ್ದದ್ದನ್ನು ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲ.

ಎರಡನೆಯದು ರಕ್ತಸಂಬಂಧದ ಮದುವೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆ ದಕ್ಷಿಣ ಭಾರತದ ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳ ರಕ್ತವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು, ತಂದೆತಾಯಿಯರ ಮದುವೆಗಳಲ್ಲಿ ಮೂರನೆಯ ಒಂದು ಪಾಲು ರಕ್ತಸಂಬಂಧದವು ಎಂದು ಕಂಡುಕೊಂಡರು. 2019–21ರ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಇದು ಕಾಲು ಭಾಗಕ್ಕಿಂತ ಕಡಿಮೆಯಾಗಿಲ್ಲ. ತಂದೆ, ತಾಯಿ ಇಬ್ಬರಲ್ಲೂ ಒಂದೇ ದೋಷಯುಕ್ತ ವಂಶವಾಹಿ ಅಡಗಿದ್ದರೆ, ಅದು ಮಗುವಿನಲ್ಲಿ ಜೋಡಿಯಾಗಿ ಹೊರಬೀಳುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚುತ್ತದೆ. ಹಾಗೆಂದು ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತಾರೆ. ಈ ಕಾರಣ ಹಿಡಿದು ಸೊಸೆಯನ್ನು ದೂರುವುದು ಅನ್ಯಾಯ ಮಾತ್ರವಲ್ಲ, ತಪ್ಪು ತಿಳಿವಳಿಕೆ ಕೂಡ. ದೋಷ ಎರಡೂ ಕಡೆಯಿಂದ ಬಂದರೇ ಅದು ತೋರುವುದು. ಡೌನ್ ಸಿಂಡ್ರೋಮಿಗೆ ಸಂಬಂಧದ ಮದುವೆ ಕಾರಣವಲ್ಲ. 21ನೆಯ ವರ್ಣತಂತು ಎರಡರ ಬದಲು ಮೂರಾಗುವುದರಿಂದ ಅದು ಬರುತ್ತದೆ, ತಾಯಿಯ ವಯಸ್ಸು ಏರಿದಂತೆ ಅದರ ಸಂಭವವೂ ಏರುತ್ತದೆ.

ಜಿಲ್ಲೆಯ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಹಂದಿಗೋಡು ಕಾಯಿಲೆಯನ್ನು ಇದರ ಜೊತೆ ಬೆರೆಸಬಾರದು. 1970ರ ದಶಕದಲ್ಲಿ ಸಾಗರದ ಬಳಿಯ ಹಂದಿಗೋಡಿನಲ್ಲಿ ಗುರುತಿಸಿದ ಆ ವಂಶಪಾರಂಪರ್ಯದ ತೊಂದರೆ ಮೂಳೆ, ಕೀಲುಗಳದ್ದು. ಬೌದ್ಧಿಕ ಅಸಾಮರ್ಥ್ಯಕ್ಕೂ ಅದಕ್ಕೂ ನಂಟಿಲ್ಲ.

ತಡೆಯಬಹುದಾದ ಕಾರಣಗಳು ಕೆಲವಿವೆ. ಹುಟ್ಟಿನಿಂದಲೇ ಥೈರಾಯಿಡ್ ಕೊರತೆ ಇರುವ ಶಿಶುಗಳು ಸುಮಾರು ಸಾವಿರಕ್ಕೆ ಒಂದು. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ಇದು ಪತ್ತೆಯಾಗುತ್ತದೆ. ಮೊದಲ ವಾರಗಳಲ್ಲೇ ಅಗ್ಗದ ಮಾತ್ರೆ ಶುರುಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ, ತಿಂಗಳುಗಟ್ಟಲೆ ತಡವಾದರೆ ಮಿದುಳಿಗಾದ ಹಾನಿ ತುಂಬಿಬರುವುದಿಲ್ಲ. ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಈ ಪರೀಕ್ಷೆ ಕಡ್ಡಾಯವಾಗಬೇಕು ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ಬಸುರಿಗೆ ಅಯೋಡಿನ್ ಸಾಲದಿದ್ದರೂ ಮಗುವಿನ ಮಿದುಳು ಸೊರಗುತ್ತದೆ. 1962ರಲ್ಲಿ ಶುರುವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ 1992ರಿಂದ ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳನ್ನೂ ಒಳಗೊಂಡಿತು. ಪೇಟೆಯಿಂದ ಬರುವ ಪುಡಿ ಉಪ್ಪಿನಲ್ಲಿ ಅಯೋಡಿನ್ ಇರುತ್ತದೆ. ಉಪ್ಪಿನಕಾಯಿಗೆಂದು ತಂದ ಕಲ್ಲುಪ್ಪನ್ನೇ ಅಡುಗೆಗೂ ಬಳಸುವ ಮನೆಗಳಲ್ಲಿ, ಒಲೆಯ ಪಕ್ಕ ಬಾಯಿ ತೆರೆದ ಭರಣಿಯಲ್ಲಿ ಉಪ್ಪಿಡುವ ಮನೆಗಳಲ್ಲಿ ಆ ಲಾಭ ಸೋರಿಹೋಗುತ್ತದೆ. ಗರ್ಭಿಣಿಗೆ ತಗಲಿದರೆ ಶಿಶುವನ್ನು ಕಾಡುವ ರುಬೆಲ್ಲಾಕ್ಕೆ ಲಸಿಕೆಯಿದೆ. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಿದುಳುಜ್ವರ, ಚಿಕಿತ್ಸೆಯಿಲ್ಲದೆ ಮರುಕಳಿಸುವ ಫಿಟ್ಸ್, ಹೆಚ್ಚಾದ ಕಾಮಾಲೆ ಇವೂ ಪಟ್ಟಿಯಲ್ಲಿವೆ.

ಅಳೆಯುವುದು ಹೇಗೆ

ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಕನ್ನಡ ನಾಡಿನ ಕೊಡುಗೆ ಸಣ್ಣದಲ್ಲ. ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತರು ಕನ್ನಡ, ಮರಾಠಿಗಳಿಗೆ ಒಗ್ಗಿಸಿ ಧಾರವಾಡದ ಕಡೆಯ ಮಕ್ಕಳ ಮೇಲೆ ಪ್ರಯೋಗಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಈಗಲೂ ಬಳಕೆಯಲ್ಲಿದೆ. ಮೈಸೂರಿನಲ್ಲಿ ಜೆ. ಭರತ್ ರಾಜ್ ರೂಪಿಸಿದ ಬೆಳವಣಿಗೆಯ ತಪಾಸಣಾ ಪಟ್ಟಿ ಹುಟ್ಟಿನಿಂದ ಹದಿನೈದು ವರ್ಷದವರೆಗಿನದು. ಮಗು ಯಾವಾಗ ಕೂತಿತು, ಯಾವಾಗ ಎರಡು ಪದ ಜೋಡಿಸಿತು ಎಂದು ತಾಯಿಯನ್ನೇ ಕೇಳಿ ತುಂಬುವಂಥದ್ದು.

ಹಳ್ಳಿಯ ಮಕ್ಕಳು ಹೆದರದೆ ಕೂರುವ ಪರೀಕ್ಷೆಯೆಂದರೆ ಸೆಗಾಂ ಹಲಗೆಯದು. ಮರದ ಹಲಗೆಯಲ್ಲಿ ವೃತ್ತ, ಚೌಕ, ನಕ್ಷತ್ರ, ತ್ರಿಕೋನ ಮೊದಲಾದ ಹತ್ತು ಗುಳಿಗಳು, ಅವಕ್ಕೆ ಹೊಂದುವ ಹತ್ತು ತುಂಡುಗಳು. ತುಂಡುಗಳನ್ನು ಹೊರತೆಗೆದು ಗುಡ್ಡೆ ಹಾಕಿ, ಬೇಗ ಬೇಗ ಜಾಗಕ್ಕೆ ಕೂರಿಸು ಎನ್ನುತ್ತಾರೆ. ಮೂರು ಸಲ ಮಾಡಿಸಿ, ಅತಿ ಕಡಿಮೆ ತೆಗೆದುಕೊಂಡ ಹೊತ್ತನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮಾತು ಬೇಕಿಲ್ಲ, ಅಕ್ಷರ ಬೇಕಿಲ್ಲ. ಮೊದಲ ಸಲ ಚೌಕವನ್ನು ವೃತ್ತದ ಗುಳಿಗೆ ಒತ್ತಿ ಒತ್ತಿ ಸೋತ ಮಗು ಮೂರನೆಯ ಸಲಕ್ಕೆ ನೇರವಾಗಿ ಚೌಕದ ಗುಳಿಗೇ ಕೈ ಒಯ್ದರೆ, ಸಿಕ್ಕ ಅಂಕಕ್ಕಿಂತ ದೊಡ್ಡ ಸುದ್ದಿ ಅದು: ಮಗು ಕಲಿಯುತ್ತಿದೆ.

ಭಾಷೆಯ ಪ್ರಶ್ನೆ ಈ ಸೀಮೆಯಲ್ಲಿ ಗಂಭೀರವಾದದ್ದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಹಕ್ಕಿಪಿಕ್ಕಿ ಕ್ಯಾಂಪಿನದು ವಾಗ್ರಿ ಆಡುತ್ತದೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಕಾಲದಿಂದ ನೆಲೆನಿಂತ ತಮಿಳು, ತೆಲುಗು, ಉರ್ದು ಮನೆಗಳು ಭದ್ರಾವತಿಯ ಸುತ್ತ ಬೇಕಾದಷ್ಟಿವೆ. ಇಂಥ ಮಗುವನ್ನು ಆರನೆಯ ವಯಸ್ಸಿಗೆ ಕನ್ನಡದ ಪ್ರಶ್ನೆಗಳಿಂದ ಅಳೆದು ‘ಬುದ್ಧಿ ಕಡಿಮೆ’ ಎಂದು ಬರೆಯುವುದು ದೊಡ್ಡ ತಪ್ಪು. ಮನೆಮಾತು ಬಲ್ಲ ಒಬ್ಬರು ಪಕ್ಕದಲ್ಲಿರಲೇಬೇಕು.

ಬುದ್ಧಿಸೂಚ್ಯಂಕ 50ರಿಂದ 69 ಇದ್ದರೆ ಸೌಮ್ಯ, 35ರಿಂದ 49 ಮಧ್ಯಮ, 20ರಿಂದ 34 ತೀವ್ರ, ಅದಕ್ಕೂ ಕೆಳಗೆ ಅತಿತೀವ್ರ. ಪ್ರಮಾಣಪತ್ರಕ್ಕೆ 2018ರ ಮಾರ್ಗಸೂಚಿ ಸಾಮಾಜಿಕ ಪ್ರೌಢಿಮೆಯ ಅಳತೆಯನ್ನು ಆಧರಿಸಿತು, ಎಂದರೆ ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಒಂಟಿಯಾಗಿ ಓಣಿ ದಾಟುತ್ತದೆಯೇ ಎಂಬುದನ್ನು. ಸೌಮ್ಯ ಮಟ್ಟಕ್ಕೆ ಶೇಕಡ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿತೀವ್ರಕ್ಕೆ 100 ಎಂದು ಅದು ಅಂಗವೈಕಲ್ಯವನ್ನು ನಿಗದಿಪಡಿಸಿತು. ಸರ್ಕಾರಿ ಸವಲತ್ತುಗಳಿಗೆ ಬೇಕಾದ ಕನಿಷ್ಠ 40. ಹಾಗಾಗಿ ಸೌಮ್ಯ ಮಟ್ಟದ ಮಗುವೂ ಅರ್ಹವೇ, ಇದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ವ್ಯವಸ್ಥೆ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಬೆಳವಣಿಗೆ ಕುಂಠಿತವಾಗಿರುವುದೂ ಅವರ ಪಟ್ಟಿಯಲ್ಲಿದೆ. ಮುಂದಿನ ಹೆಜ್ಜೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರ. ಕರ್ನಾಟಕದ ವಿಶೇಷವೆಂದರೆ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಜನರ ಬಾಯಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಇವರೂ ಅಂಗವಿಕಲರೇ. ಗೌರವಧನದ ಮೇಲೆ ದುಡಿಯುವ ಈ ಕಾರ್ಯಕರ್ತರು ಅರ್ಜಿ ತುಂಬಿಸುತ್ತಾರೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಓಡಾಡುತ್ತಾರೆ, ಮಾಸಾಶನ ನಿಂತರೆ ಕಚೇರಿಗೆ ಹೋಗಿ ಕೇಳುತ್ತಾರೆ. ಹಳ್ಳಿಯ ತಾಯಿಗೆ ಸರ್ಕಾರ ಎಂದರೆ ಇವರ ಮುಖವೇ. ಪಂಚಾಯಿತಿ ತನ್ನ ಅನುದಾನದಲ್ಲಿ ಅಂಗವಿಕಲರಿಗೆ ತೆಗೆದಿಡುವ ಶೇಕಡ 5ರ ಹಣ ತ್ರಿಚಕ್ರ ಸೈಕಲ್ಲಿಗೆ ಸುಲಭವಾಗಿ ಹೋಗುತ್ತದೆ. ಕೈಕಾಲು ಸರಿಯಿದ್ದು ಕಲಿಕೆಯಲ್ಲಿ ಸೋತ ಮಗುವಿಗೆ ಆ ಹಣದಲ್ಲಿ ಏನು ಕೊಡಬಹುದೆಂದು ಯೋಚಿಸುವ ಪಂಚಾಯಿತಿಗಳು ಇನ್ನೂ ಬೇಕಾಗಿವೆ.

ಮನಸ್ಸಿನ ವೈದ್ಯಕೀಯ ಶಿವಮೊಗ್ಗಕ್ಕೆ ಹೊಸದಲ್ಲ. 2016ರಲ್ಲಿ ತೀರಿಕೊಂಡ ಡಾ. ಅಶೋಕ ಪೈ ‘ಮಾನಸ’ ಆಸ್ಪತ್ರೆ ನಡೆಸುತ್ತಲೇ ಕಥೆ, ಲೇಖನ, ‘ಕಾಡಿನ ಬೆಂಕಿ’ಯಂಥ ಸಿನಿಮಾಗಳ ಮೂಲಕ ಆ ವಿಷಯವನ್ನು ಕನ್ನಡದ ಮನೆಮನೆಗೆ ತಂದವರು. ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ 2005ರಿಂದ ಸ್ಕಿಜೋಫ್ರೇನಿಯ ಇರುವವರನ್ನು ಅವರವರ ಊರಿನಲ್ಲೇ ಹಿಂಬಾಲಿಸಿ ಚಿಕಿತ್ಸೆ ನೀಡುವ ಕೆಲಸ ನಡೆಸಿತು. ಊರಿಗೇ ಹೋಗಿ ನೋಡುವ ಈ ಕ್ರಮ ಮಕ್ಕಳ ಬೌದ್ಧಿಕ ಅಸಾಮರ್ಥ್ಯಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು, ಎರಡು ಬಸ್ಸು ಬದಲಿಸಿ ನಗರಕ್ಕೆ ಬಂದ ತಾಯಿಗೆ ‘ಮುಂದಿನ ವಾರ ಬನ್ನಿ’ ಎಂದರೆ ಅವಳು ಮುಂದಿನ ವಾರ ಬರುವುದಿಲ್ಲ. ಮೊದಲು ಒಂದು ಕಡೆ ತಪಾಸಣೆ, ಇನ್ನೊಂದು ದಿನ ಇನ್ನೊಂದು ಕಡೆ ಸಹಿ ಎಂಬ ಓಡಾಟ ತಪ್ಪಿಸುವ ತಾಲೂಕು ಮಟ್ಟದ ಶಿಬಿರಗಳು ಅದಕ್ಕೇ ಹೆಚ್ಚು ಉಪಯುಕ್ತ.

ಶಾಲೆ ಮತ್ತು ಮನೆ

2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗೆ, 2016ರ ಕಾಯ್ದೆ ನಿಗದಿತ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18ರವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿವೆ. ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳು ಇರುವುದು ಹೆಚ್ಚಾಗಿ ಪಟ್ಟಣಗಳಲ್ಲಿ. ಶಿಶು ಕೇಂದ್ರಿತ ಯೋಜನೆಯಡಿ ಸರ್ಕಾರ ಇಂಥ ಶಾಲೆಗಳಿಗೆ ಮಗುವಿನ ತಲೆಲೆಕ್ಕದಲ್ಲಿ ನೆರವು ಕೊಡುತ್ತದೆ. ಹಳ್ಳಿಯ ಮಗುವಿನ ಪಾಲಿಗೆ ಉಳಿಯುವುದು ಊರಿನ ಸರ್ಕಾರಿ ಶಾಲೆ. ಅಲ್ಲಿಗೆ ಬರಲಾರದವರಿಗೆ ಗೃಹಾಧಾರಿತ ಶಿಕ್ಷಣ. ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು, ಎಂದರೆ ಬಿಐಇಆರ್‌ಟಿಗಳು, ಮನೆಗೇ ಬಂದು ಪಾಠ ಹೇಳುತ್ತಾರೆ. ಒಬ್ಬೊಬ್ಬರ ಪಾಲಿಗೆ ಬರುವ ಹಳ್ಳಿಗಳು ಹಲವು, ಆದ್ದರಿಂದ ಒಂದು ಮನೆಗೆ ಅವರು ಬರುವುದು ಅಪರೂಪಕ್ಕೆ. ಅವರು ಮಗುವಿಗೆ ಕಲಿಸುವುದಕ್ಕಿಂತ, ಕಲಿಸುವ ಬಗೆಯನ್ನು ತಾಯಿಗೆ ಹೇಳಿಕೊಟ್ಟು ಹೋದರೆ ಆ ಭೇಟಿಗೆ ಬೆಲೆ ಬರುತ್ತದೆ.

ಅಂಗಿಯ ಗುಂಡಿ ಹಾಕುವುದನ್ನೇ ನೋಡಿ. ಅದು ಒಂದು ಕೆಲಸವಲ್ಲ, ಆರೇಳು. ಗುಂಡಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಕಾಜ ಹಿಡಿಯಬೇಕು, ಅಂಚನ್ನು ಒಳತೂರಿಸಬೇಕು, ಹೊರಬಂದ ಅಂಚನ್ನು ಹಿಡಿದು ಎಳೆಯಬೇಕು. ತಾಯಿ ಎಲ್ಲವನ್ನೂ ತಾನೇ ಮಾಡಿ, ಕೊನೆಯ ಎಳೆತವನ್ನು ಮಾತ್ರ ಮಗುವಿನ ಕೈಗೆ ಬಿಡುತ್ತಾಳೆ. ಗುಂಡಿ ಬಿತ್ತು, ಮಗುವಿಗೆ ‘ನಾನೇ ಹಾಕಿದೆ’ ಎಂಬ ಹಿಗ್ಗು. ಅದು ಕೈಗೂಡಿದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಹೀಗೆ ಕೊನೆಯಿಂದ ಹಿಂದಕ್ಕೆ ಕಲಿಸುವ ಕ್ರಮಕ್ಕೆ ಖರ್ಚಿಲ್ಲ. ದೊಡ್ಡ ಗುಂಡಿಯ ಹಳೆಯ ಅಂಗಿಯೊಂದು ಸಾಕು. ಊಟ, ಸ್ನಾನ, ಚಪ್ಪಲಿ, ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳ ಬಟ್ಟೆ ಬದಲಿಸುವುದು, ಎಲ್ಲಕ್ಕೂ ಇದೇ ದಾರಿ. ಹೊರಗಡೆ ಹೋಗಬೇಕೆನಿಸಿದಾಗ ಸನ್ನೆ ಮಾಡಿ ಹೇಳಲು ಕಲಿತ ಮಗು ಮನೆಯ ಇಡೀ ದಿನವನ್ನೇ ಹಗುರ ಮಾಡುತ್ತದೆ. ಪರೀಕ್ಷೆಯ ಅಂಕ ನೋಡುವ ಕಣ್ಣಿಗೆ ಇದು ಏನೂ ಅಲ್ಲ, ತಾಯಿಗೆ ಇದೇ ಎಲ್ಲ.

ಜೊತೆಗೆ ಬರುವ ಫಿಟ್ಸನ್ನು ಮರೆಯಬಾರದು. ಬೌದ್ಧಿಕ ಅಸಾಮರ್ಥ್ಯ ಇರುವವರಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಅದಿರುತ್ತದೆ. ಮಾತ್ರೆಯನ್ನು ದಿನವೂ ತಪ್ಪದೆ ನುಂಗಿಸಬೇಕು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಮುಗಿದಿದೆ ಎಂಬ ಸಣ್ಣ ಕಾರಣಕ್ಕೆ ಕಲಿತದ್ದೆಲ್ಲ ಹಿಂದಕ್ಕೆ ಜಾರಬಹುದು.

ದೊಡ್ಡವರಾದ ಮೇಲೆ

ಸೌಮ್ಯ ಮಟ್ಟದ ಹುಡುಗ, ಹುಡುಗಿಯರು ಹಳ್ಳಿಯಲ್ಲಿ ದುಡಿಯುತ್ತಾರೆ. ದನ ನೋಡಿಕೊಳ್ಳುವುದು, ತೋಟದಲ್ಲಿ ಉದುರಡಿಕೆ, ಹಾಳೆ ಆಯುವುದು, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಸಾಲಿನಲ್ಲಿ ಕೂರುವುದು. ಸುಲಿಯುವ ಯಂತ್ರ ಬಂದ ಮೇಲೆ ನಿಧಾನದ ಕೈಗಳಿಗಿದ್ದ ಆ ಜಾಗ ಕುಗ್ಗಿದೆ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತದ್ದು, ಕಬ್ಬಿಣದ ಕಾರ್ಖಾನೆ ಕುಗ್ಗಿದ್ದು ಇಂಥ ಮಕ್ಕಳಿರುವ ಎಷ್ಟೋ ಮನೆಗಳ ಗಟ್ಟಿ ಸಂಬಳವನ್ನೂ ಕಿತ್ತುಕೊಂಡಿತು. ದುಡಿಸಿಕೊಂಡು ಊಟ, ಹಳೆ ಬಟ್ಟೆ ಕೊಟ್ಟು ಕಳಿಸುವವರೂ ಇದ್ದಾರೆ. ಕೂಲಿ ಕೂಲಿಯೇ, ಅದು ಅವರ ಕೈಗೋ ಖಾತೆಗೋ ಸೇರಬೇಕು.

ಹೆಣ್ಣುಮಕ್ಕಳ ಸುರಕ್ಷತೆಯ ಚಿಂತೆ ತಾಯಂದಿರನ್ನು ಹಗಲಿರುಳು ಕಾಡುತ್ತದೆ. ಮಗುವಿನ ಮಾನಸಿಕ ಅಥವಾ ದೈಹಿಕ ಅಸಾಮರ್ಥ್ಯದ ಲಾಭ ಪಡೆದು ಎಸಗುವ ಲೈಂಗಿಕ ದೌರ್ಜನ್ಯವನ್ನು 2012ರ ಪೋಕ್ಸೊ ಕಾಯ್ದೆ ಹೆಚ್ಚು ಘೋರ ಅಪರಾಧವೆಂದು ಪರಿಗಣಿಸುತ್ತದೆ. ಮೈಮೇಲೆ ಯಾರು, ಎಲ್ಲಿ ಕೈ ಹಾಕಬಾರದು ಎಂಬುದನ್ನು ಬೊಂಬೆ ಹಿಡಿದು ಕಲಿಸಬಹುದು, ಕಲಿಸಬೇಕು. ಮನೆಯೊಳಗೆ ಕೂಡಿಹಾಕುವುದು ರಕ್ಷಣೆಯಲ್ಲ.

‘ನಮ್ಮ ನಂತರ ಇವನಿಗೆ ಯಾರು?’ ಎಂಬುದು ಪ್ರತಿ ತಂದೆತಾಯಿಯ ಕೊನೆಯ ಪ್ರಶ್ನೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹುಟ್ಟಿದ್ದು ಇದಕ್ಕಾಗಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಅದರ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಮಗುವಿಗೆ 18 ತುಂಬಿದ ದಿನ ತಂದೆತಾಯಿಯ ಸಹಜ ಪಾಲಕತ್ವ ಕಾನೂನಿನ ಕಣ್ಣಿಗೆ ಮುಗಿಯುತ್ತದೆ. ಜಮೀನಿನ ಪಾಲು, ಬ್ಯಾಂಕಿನ ಠೇವಣಿ, ಮಾಸಾಶನದ ಖಾತೆಗಳ ವ್ಯವಹಾರಕ್ಕೆ ಆಮೇಲೆ ಕಾನೂನುಬದ್ಧ ಪಾಲಕರು ಬೇಕಾಗಬಹುದು. ಅವರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗಿದೆ. ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು, ಅಂಗವಿಕಲರೊಬ್ಬರು ಇರುತ್ತಾರೆ. ತಂದೆ, ತಾಯಿಯರೇ ಅರ್ಜಿ ಹಾಕಬಹುದು, ಹತ್ತಿರದ ನೆಂಟರೂ ಹಾಕಬಹುದು. ನೇಮಕವಾದ ಪಾಲಕರು ಆಸ್ತಿಯ ಪಟ್ಟಿಯನ್ನೂ ವರ್ಷವರ್ಷದ ಲೆಕ್ಕವನ್ನೂ ಒಪ್ಪಿಸಬೇಕು, ವಂಚಿಸಿದರೆ ಅವರನ್ನು ತೆಗೆದುಹಾಕಿಸಬಹುದು. ಅರ್ಜಿಯ ವಿಚಾರವನ್ನು ಹದಿನೇಳನೆಯ ವರ್ಷದಲ್ಲೇ ವಿಆರ್‌ಡಬ್ಲ್ಯು ಬಳಿ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.